ಎಂಟು ಮಕ್ಕಳ ತರಗತಿಗೆ ಶೇಕಡಾ ಲೆಕ್ಕ

ಅಮೆರಿಕದ ಕ್ಯಾನ್ಸಸ್ ರಾಜ್ಯದ ಶಾಲೆಗಳಿಗೆ ಸೆಪ್ಟೆಂಬರ್ 20 ಮುಖ್ಯವಾದ ದಿನ. ಅಂದಿನ ಲೆಕ್ಕಕ್ಕೆ ಎಷ್ಟು ಮಕ್ಕಳು ಸಿಗುತ್ತಾರೋ ಸರ್ಕಾರದ ಅನುದಾನ ಬಹುಮಟ್ಟಿಗೆ ಅದನ್ನೇ ಅವಲಂಬಿಸಿರುತ್ತದೆ. ಮಿಷಿಗನ್‌ನಲ್ಲಿ ಇಂಥ ಎಣಿಕೆ ಅಕ್ಟೋಬರ್‌ನ ಮೊದಲ ಬುಧವಾರ ನಡೆಯುತ್ತದೆ. ಕ್ಯಾಲಿಫೋರ್ನಿಯದ್ದು ಇನ್ನೂ ಬಿಗಿ ಪಟ್ಟು. ಹೆಸರು ದಾಖಲೆ ಪುಸ್ತಕದಲ್ಲಿದ್ದರೆ ಸಾಲದು, ಮಗು ಶಾಲೆಗೆ ಬಂದಿರಬೇಕು. ಸರಾಸರಿ ಹಾಜರಿ ಎಷ್ಟೋ ಹಣವೂ ಅಷ್ಟೇ. ಸಾವಿರ ಮಕ್ಕಳಿರುವ ಪಟ್ಟಣದ ಶಾಲೆಗೆ ಇದು ಗುಮಾಸ್ತರು ಮಾಡಿ ಮುಗಿಸುವ ಕೆಲಸ. ನಲವತ್ತು ಮಕ್ಕಳಿರುವ ಹಳ್ಳಿಯ ಚಾರ್ಟರ್ ಶಾಲೆಗೆ ಅಳಿವು ಉಳಿವಿನ ಪ್ರಶ್ನೆ.

ಚಾರ್ಟರ್ ಎಂದರೆ ಸನ್ನದು. ಶಿಕ್ಷಕರೋ ಪೋಷಕರೋ ಒಂದು ಸಂಘವೋ ಮುಂದೆ ಬಂದು, ‘ಮಕ್ಕಳಿಗೆ ಇಂತಿಂಥದನ್ನು ಕಲಿಸುತ್ತೇವೆ, ಫಲಿತಾಂಶ ತೋರಿಸುತ್ತೇವೆ’ ಎಂದು ಕರಾರು ಬರೆದುಕೊಟ್ಟು ಸರ್ಕಾರದ ಹಣದಿಂದಲೇ ನಡೆಸುವ ಶಾಲೆ ಇದು. ಖಾಸಗಿ ಶಾಲೆಯಲ್ಲ, ಶುಲ್ಕವಿಲ್ಲ. ಜಾಗಕ್ಕಿಂತ ಅರ್ಜಿ ಹೆಚ್ಚಾದರೆ ಸಾಮಾನ್ಯವಾಗಿ ಚೀಟಿ ಎತ್ತುತ್ತಾರೆ. ಇದಕ್ಕೆ ಮೊದಲು ಕಾನೂನು ಮಾಡಿದ್ದು ಮಿನ್ನೆಸೋಟ ರಾಜ್ಯ, 1991ರಲ್ಲಿ. ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಮೊದಲ ಶಾಲೆ ತೆರೆಯಿತು. ಕರಾರಿಗೆ ಅವಧಿ ಉಂಟು. ಅವಧಿ ಮುಗಿದಾಗ ಫಲಿತಾಂಶವನ್ನೂ ಲೆಕ್ಕಪತ್ರವನ್ನೂ ನೋಡಿ ನವೀಕರಿಸುತ್ತಾರೆ, ಇಲ್ಲವೇ ಬಾಗಿಲು ಹಾಕಿಸುತ್ತಾರೆ.

ಈ ಏರ್ಪಾಡು ಹೆಚ್ಚಾಗಿ ಬೆಳೆದದ್ದು ದೊಡ್ಡ ನಗರಗಳಲ್ಲಿ. ಹಳ್ಳಿಗಾಡಿಗೆ ಅದು ಬಂದ ದಾರಿ ಬೇರೆ. ಅಮೆರಿಕದ ಬಯಲು ಸೀಮೆಯಲ್ಲಿ ಒಕ್ಕಲುತನ ಯಂತ್ರದ ಪಾಲಾದಂತೆ ಜಮೀನುಗಳು ದೊಡ್ಡದಾದವು, ಮನೆಗಳು ಕಡಿಮೆಯಾದವು. ಮಕ್ಕಳು ಸಾಲದೆ ಊರ ಶಾಲೆಗಳನ್ನು ಮುಚ್ಚಿ ದೂರದ ಶಾಲೆಗೆ ಸೇರಿಸುವುದು ವಾಡಿಕೆಯಾಯಿತು. ಶಾಲೆ ಹೋದರೆ ಊರೇ ಹೋದಂತೆ ಎಂದು ಹೆದರಿದ ಕೆಲವು ಊರುಗಳು ಸನ್ನದಿನ ಮೊರೆ ಹೊಕ್ಕವು. ಕ್ಯಾನ್ಸಸ್‌ನ ವಾಲ್ಟನ್ ಇದಕ್ಕೊಂದು ನಿದರ್ಶನ. ಅಲ್ಲಿನ ಜನಸಂಖ್ಯೆ 250 ಕೂಡ ಇಲ್ಲ. ಮುಚ್ಚುವ ಭೀತಿಯಲ್ಲಿದ್ದ ಅಲ್ಲಿನ ಪ್ರಾಥಮಿಕ ಶಾಲೆ 2007ರಲ್ಲಿ ಕೃಷಿಯನ್ನೇ ಪಾಠದ ಕೇಂದ್ರವಾಗಿಟ್ಟುಕೊಂಡ ಚಾರ್ಟರ್ ಶಾಲೆಯಾಯಿತು. ಮಕ್ಕಳು ಕೋಳಿ ಸಾಕಿದರು, ಮೊಟ್ಟೆ ಮಾರಿದರು, ಆ ಲಾಭ ನಷ್ಟದಲ್ಲೇ ಗಣಿತ ಕಲಿತರು. ಸುತ್ತಲ ಊರಿನವರೂ ಮಕ್ಕಳನ್ನು ತಂದು ಸೇರಿಸತೊಡಗಿ, ಸೀಟಿಗಾಗಿ ಕಾಯುವ ಸ್ಥಿತಿ ಬಂತು.

ಎಲ್ಲ ಊರಿಗೂ ಇಂಥ ಅದೃಷ್ಟವಿಲ್ಲ. ನಲವತ್ತು ಮಕ್ಕಳ ಶಾಲೆಯಿಂದ ಮೂವರು ಮಕ್ಕಳಿರುವ ಒಂದೇ ಸಂಸಾರ ಬೇರೆ ಊರಿಗೆ ಹೊರಟಿತು ಎನ್ನಿ. ದಾಖಲಾತಿ ಒಮ್ಮೆಲೇ ಶೇಕಡಾ 7.5ರಷ್ಟು ಕುಸಿಯುತ್ತದೆ. ಅನುದಾನವೂ ಅದರ ಹಿಂದೆಯೇ ಇಳಿಯುತ್ತದೆ. ಆದರೆ ಖರ್ಚು ಇಳಿಯುವುದಿಲ್ಲ. ಬಸ್ಸು ಅದೇ ದಾರಿಯಲ್ಲಿ ಓಡಬೇಕು, ಚಳಿಗಾಲದಲ್ಲಿ ಕಟ್ಟಡವನ್ನು ಬೆಚ್ಚಗಿಡಬೇಕು, ಉಳಿದ ಮೂವತ್ತೇಳು ಮಕ್ಕಳಿಗೆ ಶಿಕ್ಷಕರು ಬೇಕೇ ಬೇಕು. ಆ ಸಂಸಾರ ಹೋದದ್ದು ಪಾಠ ಸರಿಯಿಲ್ಲವೆಂದಲ್ಲ, ಯಜಮಾನನಿಗೆ ಬೇರೆಡೆ ಕೆಲಸ ಸಿಕ್ಕಿತೆಂದು ಎಂಬುದು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ.

ಫಲಿತಾಂಶದ ಕಥೆ ಇದಕ್ಕಿಂತ ಸ್ವಾರಸ್ಯ. ಒಂದು ತರಗತಿಯಲ್ಲಿ ಎಂಟು ಮಕ್ಕಳು. ಆರು ಮಂದಿ ನಿಗದಿತ ಮಟ್ಟ ಮುಟ್ಟಿದರೆ ಶೇಕಡಾ 75. ಮರುವರ್ಷ ಆ ತರಗತಿಗೆ ಬಂದ ಬೇರೆ ಎಂಟು ಮಕ್ಕಳಲ್ಲಿ ನಾಲ್ವರು ಮುಟ್ಟಿದರೆ ಶೇಕಡಾ 50. ‘ಶಾಲೆಯ ಮಟ್ಟ ಕುಸಿತ’ ಎಂದು ಯಾರಾದರೂ ಬೊಬ್ಬೆ ಹಾಕಬಹುದು. ವ್ಯತ್ಯಾಸವಾದದ್ದು ಇಬ್ಬರು ಮಕ್ಕಳದು. ಒಬ್ಬನಿಗೆ ಪರೀಕ್ಷೆಯ ದಿನ ಜ್ವರ ಬಂದಿರಬಹುದು, ಇನ್ನೊಬ್ಬಳು ವರ್ಷದ ನಡುವೆ ಬಂದು ಸೇರಿದವಳಿರಬಹುದು. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ‘ಶೇಕಡಾ 100’ ಎಂಬ ಫಲಕ ಕಂಡ ಪೋಷಕರೂ ಪರೀಕ್ಷೆಗೆ ಕೂತವರೆಷ್ಟು ಎಂದು ಕೇಳುವುದು ಕಡಿಮೆ.

ಸಂಖ್ಯಾಶಾಸ್ತ್ರಜ್ಞ ಹೋವರ್ಡ್ ವೇನರ್ 2007ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಪೆನ್ಸಿಲ್ವೇನಿಯದ 1,662 ಶಾಲೆಗಳ ಅಂಕ ತೆಗೆದು ನೋಡಿದರೆ, ಅತ್ಯುತ್ತಮ 50 ಶಾಲೆಗಳಲ್ಲಿ ಆರು ಶಾಲೆಗಳು ರಾಜ್ಯದ ಅತಿ ಚಿಕ್ಕ 50ರೊಳಗಿನವು. ಗಾತ್ರಕ್ಕೂ ಅಂಕಕ್ಕೂ ಸಂಬಂಧವಿಲ್ಲದಿದ್ದರೆ ಒಂದೋ ಎರಡೋ ಇರಬೇಕಿತ್ತು. ಚಿಕ್ಕ ಶಾಲೆಯೇ ಮೇಲು ಎನ್ನೋಣವೇ? ಪಟ್ಟಿಯ ತಳದಲ್ಲೂ ಚಿಕ್ಕ ಶಾಲೆಗಳೇ ಗುಂಪುಗೂಡಿದ್ದವು! ಮಕ್ಕಳು ಕಡಿಮೆಯಿದ್ದಷ್ಟೂ ಸರಾಸರಿ ಜೋಕಾಲಿಯಂತೆ ತೂಗುತ್ತದೆ, ಅಷ್ಟೇ. ಚಿಕ್ಕ ಶಾಲೆಗಳಿಗೆಂದು ಅಪಾರ ಹಣ ಸುರಿದ ಬಿಲ್ ಗೇಟ್ಸ್ ಅವರೇ, ಅವುಗಳಲ್ಲಿ ಬಹಳಷ್ಟು ಶಾಲೆಗಳಲ್ಲಿ ಕಲಿಕೆ ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲವೆಂದು 2009ರ ತಮ್ಮ ವಾರ್ಷಿಕ ಪತ್ರದಲ್ಲಿ ಒಪ್ಪಿಕೊಂಡರು.

ಇಲ್ಲಿ ಚಿಕ್ಕ ಶಾಲೆ ಬೇರೆ, ಚಿಕ್ಕ ತರಗತಿ ಬೇರೆ ಎಂಬುದನ್ನು ಮರೆಯಬಾರದು. ಟೆನೆಸ್ಸಿ ರಾಜ್ಯದಲ್ಲಿ 1985ರಿಂದ ನಾಲ್ಕು ವರ್ಷ ನಡೆದ ಪ್ರಯೋಗದಲ್ಲಿ, 13ರಿಂದ 17 ಮಕ್ಕಳ ತರಗತಿಯ ಎಳೆಯರು ದೊಡ್ಡ ತರಗತಿಯವರಿಗಿಂತ ಚೆನ್ನಾಗಿ ಕಲಿತರು. ಬಡ ಮಕ್ಕಳಿಗಂತೂ ಹೆಚ್ಚು ಲಾಭವಾಯಿತು. ಆದರೆ ಹಳ್ಳಿಯ ಪುಟ್ಟ ಶಾಲೆಯಲ್ಲಿ ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುವುದುಂಟು. ದೊಡ್ಡ ಮಗು ಚಿಕ್ಕದಕ್ಕೆ ಹೇಳಿಕೊಡುವುದು ಅಲ್ಲಿನ ಸೊಗಸು. ಬೀಜಗಣಿತಕ್ಕೆ, ವಿಜ್ಞಾನಕ್ಕೆ ಪ್ರತ್ಯೇಕ ಶಿಕ್ಷಕರಿಲ್ಲದಿರುವುದು ಅಲ್ಲಿನ ಕೊರತೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ವರದಿಯಲ್ಲಿ ಚಾರ್ಟರ್ ಶಾಲೆಗಳ ಹೆಚ್ಚಿನ ಲಾಭ ಕಂಡದ್ದು ನಗರಗಳಲ್ಲಿ. ಹಳ್ಳಿಗಾಡಿನ ಚಾರ್ಟರ್ ಮಕ್ಕಳು ಗಣಿತದಲ್ಲಿ ಹಿಂದೆ ಬಿದ್ದಿದ್ದರು.

ಇಷ್ಟಾಗಿಯೂ ತೀರಾ ಪುಟ್ಟ ಶಾಲೆಯ ಅಂಕಪಟ್ಟಿ ಹುಡುಕುವ ಪೋಷಕರಿಗೆ ಅಂಕಿಯೇ ಸಿಗದಿರಬಹುದು. ಗುಂಪಿನಲ್ಲಿ ಹತ್ತು ಮಕ್ಕಳೂ ಇಲ್ಲದಿದ್ದರೆ ಯಾರ ಅಂಕ ಎಷ್ಟೆಂದು ಊರಿಗೆಲ್ಲ ತಿಳಿದುಬಿಡುತ್ತದೆಂದು ಅನೇಕ ರಾಜ್ಯಗಳು ಆ ಮನೆಯಲ್ಲಿ ಬರೀ ನಕ್ಷತ್ರ ಚಿಹ್ನೆ ಹಾಕುತ್ತವೆ. ಆಗ ಶಾಲೆಗೇ ಹೋಗಿ ವಿಚಾರಿಸಬೇಕು. ಕಳೆದ ಮೂರು ನಾಲ್ಕು ವರ್ಷಗಳ ಫಲಿತಾಂಶವನ್ನು ಒಟ್ಟಿಗೆ ಇಟ್ಟು ನೋಡುವುದು ಒಂದು. ಹೋದ ವರ್ಷದ ಮಗು ಈ ವರ್ಷ ಎಷ್ಟು ಮುಂದೆ ಬಂದಿದೆ ಎಂದು ಅದೇ ಮಗುವಿನ ದಾಖಲೆ ಕೇಳುವುದು ಇನ್ನೊಂದು. ಸನ್ನದಿನ ಅವಧಿ ಯಾವಾಗ ಮುಗಿಯುತ್ತದೆ, ಈಗಿನ ಶಿಕ್ಷಕರು ಎಷ್ಟು ವರ್ಷದಿಂದ ಇದ್ದಾರೆ ಎಂಬುದನ್ನೂ ಕೇಳಿಕೊಂಡೇ ಬರಬೇಕು. ಇಬ್ಬರೇ ಶಿಕ್ಷಕರ ಶಾಲೆಯಲ್ಲಿ ಒಬ್ಬರು ಬಿಟ್ಟು ಹೋದರೆ ಅರ್ಧ ಶಾಲೆಯೇ ಬದಲಾದಂತೆ.