ಒಂದು ಯಂತ್ರ, ಎರಡು ಮನೆತನ

ಕಲಬುರಗಿಯಲ್ಲಿ ಉದ್ಯೋಗಿಯಾಗಿರುವ ನನ್ನ ಸೋದರಳಿಯನಿಗೆ ವಾರದಲ್ಲಿ ಎರಡು ದಿನ ಕಮಲಾಪುರದ ಬೇರೊಂದು ಕಚೇರಿಯ ಕೆಲಸವೂ ಉಂಟು. ಕಳೆದ ತಿಂಗಳು ಅಲ್ಲಿಯವರೊಬ್ಬರು ಅವನ ಲ್ಯಾಪ್‌ಟಾಪನ್ನು ಕಲಬುರಗಿಯ ಡೊಮೇನಿನಿಂದ ಬಿಡಿಸಿ ತಮ್ಮ ಡೊಮೇನಿಗೆ ಸೇರಿಸಿಕೊಂಡರು. (ಒಂದು ಕಚೇರಿಯ ಯಂತ್ರಗಳನ್ನೂ ನೌಕರರ ಹೆಸರು, ಗುಪ್ತಪದಗಳನ್ನೂ ಒಂದೇ ದಫ್ತರಿನಲ್ಲಿಟ್ಟು ಆಳುವ ವ್ಯವಸ್ಥೆಗೆ ಡೊಮೇನ್ ಎನ್ನುವರು.) ಮರಳಿ ತೆರೆದರೆ ಪರದೆಯೆಲ್ಲ ಬರಿದು! "ಮಾಮಾ, ಎರಡು ವರ್ಷದ ಲೆಕ್ಕ ಎಲ್ಲಾ ಹೋತ್ರಿ" ಎಂದು ರಾತ್ರಿ ನಮ್ಮ ಮನೆಗೆ ಬಂದವನು ಊಟವನ್ನೂ ಮಾಡಲೊಲ್ಲನು. ಮರುದಿನವೇ ಆ ಲೆಕ್ಕವನ್ನು ಒಪ್ಪಿಸತಕ್ಕದ್ದಿತ್ತು.

ಲೆಕ್ಕವು ಹೋಗಿರಲಿಲ್ಲ. ವಿಂಡೋಸ್ ಡೊಮೇನು ಬದಲಾದೊಡನೆ ಹೊಸ ಹೆಸರಿಗೆ ಹೊಸ ಕೋಣೆಯನ್ನು ಕೊಡುತ್ತದೆ; ಹಳೆಯ ಕಡತಗಳು ಸಿ ಡ್ರೈವಿನ 'ಯೂಸರ್ಸ್' ಫೋಲ್ಡರಿನಲ್ಲಿ ಹಾಗೆಯೇ ಇರುತ್ತವೆ. ಕಲಬುರಗಿಯ ನಿರ್ವಾಹಕರು ಬೆಳಗ್ಗೆ ಅವನ್ನು ತೆಗೆದುಕೊಟ್ಟರು. ಅವರಿಂದ ಕೇಳಿ ತಿಳಿದುದನ್ನು ವಾಚಕರಿಗೆ ಅರಿಕೆ ಮಾಡುತ್ತೇನೆ.

ನಮ್ಮ ಧರ್ಮಶಾಸ್ತ್ರವು ಹೆತ್ತ ತಂದೆಗೂ ದತ್ತು ಪಡೆದ ತಂದೆಗೂ ಸಲ್ಲುವ ದ್ವ್ಯಾಮುಷ್ಯಾಯಣನೆಂಬ ಪುತ್ರನನ್ನು ಒಪ್ಪಿತ್ತು. ವಿಂಡೋಸ್ ಅಷ್ಟು ಉದಾರವಲ್ಲ. ಒಂದು ಯಂತ್ರವು ಏಕಕಾಲಕ್ಕೆ ಒಂದೇ ಡೊಮೇನಿಗೆ ಸೇರಬಲ್ಲುದು. ಆದುದರಿಂದ ಅದನ್ನು ದತ್ತು ಕೊಡದೆ ಅತಿಥಿಯಾಗಿ ಕಳುಹಿಸಬೇಕು. ಕಚೇರಿಯವರು ತಡೆದಿರದಿದ್ದರೆ, ಹಿಂದೆ ಪ್ರವೇಶಿಸಿದವರ ಗುರುತನ್ನು, ಸಾಮಾನ್ಯವಾಗಿ 10 ಜನರವರೆಗೆ, ಅದು ನೆನಪಿಟ್ಟಿರುವುದರಿಂದ ಕಮಲಾಪುರದಲ್ಲಿಯೂ ಕಲಬುರಗಿಯ ಗುಪ್ತಪದಕ್ಕೇ ತೆರೆಯುವುದು. ಅಲ್ಲಿಯ ಕಡತ ಬೇಕಾದಾಗ ಮಾತ್ರ ಅಲ್ಲಿಯ ಡೊಮೇನಿನ ಹೆಸರು, ಹಿಂದಕ್ಕೆ ಬಾಗಿದ ಗೀಟು, ತನ್ನ ಅಲ್ಲಿಯ ಹೆಸರು ಇವನ್ನು ಕ್ರಮವಾಗಿ ಬರೆದರಾಯಿತು. ಡೊಮೇನನ್ನು ಬಿಡಿಸಲೇಬೇಕಾದರೆ ಮೊದಲು ಕಡತಗಳ ಪ್ರತಿಯನ್ನು ಬೇರೆಡೆ ಇಡಿರಿ. ಯಂತ್ರದ ಸ್ವಂತ ನಿರ್ವಾಹಕ ಖಾತೆಯ ಗುಪ್ತಪದವನ್ನು ತಿಳಿದುಕೊಳ್ಳಿರಿ. ಅದಿಲ್ಲದೆ ಬಿಡಿಸಿದರೆ ಒಳಹೋಗುವ ಬಾಗಿಲೇ ಮುಚ್ಚೀತು.

ಅಳಿಯನು ಈಗಲೂ ಕಮಲಾಪುರಕ್ಕೆ ಹೋಗುತ್ತಾನೆ. ಮೊನ್ನೆ ಬರುವಾಗ ಅಲ್ಲಿಯ ಕೆಂಪು ಬಾಳೆಯ ಒಂದು ಚಿಪ್ಪನ್ನು ತಂದಿದ್ದನು.