ತರಗತಿ ಮುಗಿದ ಮೇಲೆ ಬರುವ ಪಠ್ಯಕ್ರಮ

ಪದವಿ ಕಾಲೇಜಿಗೆ ಸೇರಿದ ವಿದ್ಯಾರ್ಥಿಗೆ ಏನು ಓದಬೇಕು, ಯಾವ ಪುಸ್ತಕದಿಂದ ಓದಬೇಕು, ಯಾವುದಕ್ಕೆ ಎಷ್ಟು ಅಂಕ ಎಂಬುದು ಮೊದಲ ವಾರವೇ ತಿಳಿಯಬೇಕು. ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗದಂಥ ಊರುಗಳಲ್ಲಿ ಅದು ತಿಳಿಯುವ ಹೊತ್ತಿಗೆ ಆಂತರಿಕ ಪರೀಕ್ಷೆ ಎದುರಿಗೆ ಬಂದು ನಿಂತಿರುತ್ತದೆ. ಪಠ್ಯಕ್ರಮ ಪಿಡಿಎಫ್ ಆಗಿ ಉಪನ್ಯಾಸಕರ ಮೊಬೈಲ್‌ಗೆ ಬರುತ್ತದೆ, ವಿದ್ಯಾರ್ಥಿಯ ಕೈಗೆ ಬರುವುದು ಝೆರಾಕ್ಸ್ ಅಂಗಡಿಯ ‘ಇಂಪಾರ್ಟೆಂಟ್ ಪ್ರಶ್ನೆಗಳು’. ಓದು ಅಲ್ಲಿಗೆ ಮುಗಿಯಿತು.

ಕಳೆದ ಕೆಲ ವರ್ಷಗಳ ಗೊಂದಲ ಗಮನಿಸಿ. 2021-22ರಲ್ಲಿ ದೇಶದಲ್ಲೇ ಮೊದಲಿಗರು ಎನಿಸಿಕೊಳ್ಳುವ ಆತುರದಲ್ಲಿ ರಾಜ್ಯ ಸರ್ಕಾರ ಪದವಿಗೆ ರಾಷ್ಟ್ರೀಯ ಶಿಕ್ಷಣ ನೀತಿ ತಂದಿತು. ನಾಲ್ಕು ವರ್ಷದ ಆನರ್ಸ್, ಮುಕ್ತ ಐಚ್ಛಿಕ ವಿಷಯ, ಡಿಜಿಟಲ್ ಫ್ಲುಯೆನ್ಸಿ ಎಲ್ಲವೂ ಒಟ್ಟಿಗೇ ಬಂದವು. ಸರ್ಕಾರ ಬದಲಾಯಿತು, ರಾಜ್ಯದ್ದೇ ಶಿಕ್ಷಣ ನೀತಿ ರೂಪಿಸಲು ಸುಖದೇವ್ ಥೋರಟ್ ನೇತೃತ್ವದ ಆಯೋಗ ಬಂತು, 2024ರ ಮೇ ತಿಂಗಳಲ್ಲಿ ಮತ್ತೆ ಮೂರು ವರ್ಷದ ಪದವಿಯ ಆದೇಶ ಹೊರಬಿತ್ತು. ಆ ವರ್ಷ ಒಂದೇ ಕಾಲೇಜಿನ ಮೊದಲ ವರ್ಷದವರಿಗೆ ಒಂದು ಪದ್ಧತಿ, ಹಿರಿಯರಿಗೆ ಇನ್ನೊಂದು. ಇದರ ನಡುವೆಯೇ ರಾಯಚೂರು, ಯಾದಗಿರಿ ಜಿಲ್ಲೆಗಳ ಕಾಲೇಜುಗಳು ಗುಲಬರ್ಗಾ ವಿಶ್ವವಿದ್ಯಾಲಯದಿಂದ ಹೊಸ ರಾಯಚೂರು ವಿಶ್ವವಿದ್ಯಾಲಯದ ತೆಕ್ಕೆಗೆ ಬಂದವು. ನೀತಿಯ ಸರಿತಪ್ಪುಗಳ ಚರ್ಚೆ ಬೆಂಗಳೂರಿನಲ್ಲಿ ನಡೆಯಲಿ. ಪ್ರಯೋಗಕ್ಕೆ ಒಳಗಾದದ್ದು ಮಾತ್ರ ಇಲ್ಲಿನ ಮಕ್ಕಳು.

ಪಠ್ಯಕ್ರಮದ ಯಾವುದಾದರೂ ಹಾಳೆ ತೆರೆದು ನೋಡಿ. ಘಟಕ ಒಂದು, ಎರಡು, ಮೂರು. ಪ್ರತಿಯೊಂದರ ಮುಂದೆ ಅಲ್ಪವಿರಾಮ ಹಾಕಿ ಸಾಲಾಗಿ ಪೇರಿಸಿದ ಶೀರ್ಷಿಕೆಗಳು, ಬಲಗಡೆ ಗಂಟೆಗಳ ಲೆಕ್ಕ. ಕೊನೆಗೆ ಆಧಾರ ಗ್ರಂಥಗಳ ಪಟ್ಟಿ, ಬಹುಪಾಲು ಇಂಗ್ಲಿಷಿನದು. ಹತ್ತನೇ ತರಗತಿ, ಪಿಯುಸಿಯನ್ನು ಕನ್ನಡದಲ್ಲಿ ಓದಿ ಬಂದ ಹುಡುಗಿ ಆ ಪಟ್ಟಿ ಹಿಡಿದು ಎಲ್ಲಿಗೆ ಹೋಗಬೇಕು? ಯಾವ ವಾರ ಯಾವ ಪಾಠ, ಯಾವ ಪುಟದಿಂದ ಯಾವ ಪುಟಕ್ಕೆ, ಏನು ಬರೆದುಕೊಡಬೇಕು ಎಂಬುದು ಅದರಲ್ಲಿ ಇರುವುದೇ ಇಲ್ಲ. ಅದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಅಧ್ಯಯನ ಮಂಡಳಿಯ ಸಭೆ, ವಿದ್ಯಾರ್ಥಿಯಲ್ಲ.

ಈ ನೆಲದ ಕ್ಯಾಲೆಂಡರ್ ಬೇರೆಯೇ ಇದೆ. ಹತ್ತಿ ಬಿಡಿಸುವ ದಿನಗಳಲ್ಲಿ ಬೆಂಚುಗಳು ಖಾಲಿಯಾಗುತ್ತವೆ. ಸುಗ್ಗಿ ಮುಗಿದರೆ ಮನೆಮಂದಿ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತಾರೆ. ಹದಿನಾರು ವಾರದ ಸೆಮಿಸ್ಟರ್‌ಗೆ ಇದರ ಅರಿವೇ ಇಲ್ಲ. ಸುತ್ತಲೇ ಇರುವ ಪಾಠಗಳ ಅರಿವೂ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿದೆ ಮಾನ್ವಿ. ಕಾಲುವೆಯ ಮೈಲ್ 69ರಲ್ಲಿ ಗೇಜ್ (ನೀರಿನ ಮಟ್ಟ) ಕಾಯ್ದುಕೊಳ್ಳಿ ಎಂದು ರೈತರು ಮತ್ತೆ ಮತ್ತೆ ಬೀದಿಗಿಳಿಯುತ್ತಾರೆ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಬಿ.ಕಾಂ. ಓದುವವರಿಗೆ ಅಕ್ಕಿ ಗಿರಣಿಯ ಲೆಕ್ಕಪತ್ರವಿದೆ. ಕನ್ನಡ ಓದುವವರಿಗೆ ದಾಸಸಾಹಿತ್ಯವಿದೆ: ವಿಜಯದಾಸರು ಹುಟ್ಟಿದ ಚೀಕಲಪರ್ವಿ, ಜಗನ್ನಾಥದಾಸರು ಹುಟ್ಟಿದ ಬ್ಯಾಗವಾಟ ಮಾನ್ವಿ ಸೀಮೆಯವೇ. ಒಂದು ದಿನದ ಕ್ಷೇತ್ರಕಾರ್ಯಕ್ಕೂ ಪಠ್ಯಕ್ರಮದಲ್ಲಿ ಜಾಗವಿಲ್ಲವೆಂದರೆ ಅದು ಯಾರಿಗಾಗಿ?

ಕಲಿಸುವವರ ಸ್ಥಿತಿಯನ್ನೂ ಹೇಳಲೇಬೇಕು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಿಂತಿರುವುದು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಸೇವೆ ಕಾಯಂ ಮಾಡಿ ಎಂದು 2023ರ ಕೊನೆಯಲ್ಲಿ ಅವರು ತರಗತಿ ಬಿಟ್ಟು ಹೋರಾಟಕ್ಕಿಳಿದಾಗ ರಾಜ್ಯದ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತಿತ್ತು. ಮುಂದಿನ ವರ್ಷ ತಾನಿರುತ್ತೇನೋ ಇಲ್ಲವೋ ಎಂದು ತಿಳಿಯದವರು ಪಾಠದ ಯೋಜನೆ ಮಾಡಿಯಾರು ಹೇಗೆ? ಸಂವಿಧಾನದ 371(ಜೆ) ವಿಧಿ ಕಲ್ಯಾಣ ಕರ್ನಾಟಕದ ಈ ಭಾಗಕ್ಕೆ ಸೀಟು, ಹುದ್ದೆಗಳಲ್ಲಿ ಮೀಸಲು ಕೊಟ್ಟಿದೆ. ಆ ಹುದ್ದೆಗಳಿಗೆ ಅರ್ಹರನ್ನು ತಯಾರು ಮಾಡಬೇಕಾದ ತರಗತಿಗಳ ಗತಿ ಇದು.

ವಿಶ್ವವಿದ್ಯಾಲಯ ಮಾಡಬೇಕಾದ್ದು ಅಸಾಧ್ಯವಾದದ್ದೇನಲ್ಲ. ತರಗತಿ ಶುರುವಾಗುವ ಮುನ್ನ ಪುಸ್ತಕ ಸಿಗಬೇಕು. ಒಮ್ಮೆ ಸೇರಿದ ತಂಡಕ್ಕೆ ಪದವಿ ಮುಗಿಯುವ ತನಕ ಪಠ್ಯ ಬದಲಾಗಬಾರದು. ಅಧ್ಯಯನ ಮಂಡಳಿಯಲ್ಲಿ ತಾಲ್ಲೂಕು ಕೇಂದ್ರಗಳ ಉಪನ್ಯಾಸಕರು ಕೂರಬೇಕು. ಪ್ರತಿ ವಿಷಯಕ್ಕೂ ವಾರವಾರದ ಪಾಠ, ಅಂಕ, ಕನ್ನಡದಲ್ಲಿ ಸಿಗುವ ಪುಸ್ತಕ ನಮೂದಿಸಿದ ಹಾಳೆಯೊಂದನ್ನು ವಿದ್ಯಾರ್ಥಿಗೆ ಕೊಡಬೇಕು. ಮಕ್ಕಳನ್ನು ಪ್ರವೇಶಕ್ಕೆ ಕರೆತರುವ ಪಾಲಕರು ಈ ಸಲ ಶುಲ್ಕದ ರಸೀದಿಯ ಜೊತೆಗೆ ಆ ಹಾಳೆಯನ್ನೂ ಕೇಳಿ ಪಡೆಯಲಿ.