ದೀಪದ ಋಣ

"ಹಳ್ಳಿಯವರಿಗೇನು, ಕರೆಂಟು ಪುಕ್ಕಟೆ, ದುಡ್ಡು ತೆರುವವರು ನಾವು" ಎಂಬ ಮಾತು ಬೆಂಗಳೂರಿನ ಸಭ್ಯ ಮನೆಗಳಲ್ಲಿ ಕಾಫಿಯಷ್ಟೇ ರೂಢಿಯಾಗಿದೆ. ನಾನೂ ಇದೇ ಊರಿನ ನಿವಾಸಿ. ಆದರೂ ಈ ಮಾತನ್ನು ಒಪ್ಪಲಾರೆ. ಲೆಕ್ಕವನ್ನು ಮೊದಲಿನಿಂದ ನೋಡೋಣ.

1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 90 ಮೈಲಿಗೂ ಮಿಕ್ಕಿದ ದೂರ ಹೋಗಿ ಕೋಲಾರದ ಚಿನ್ನದ ಗಣಿಯನ್ನು ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ತಂತಿ ಹಾದುಹೋದ ಹಳ್ಳಿಗಳಲ್ಲಿ ಮಾತ್ರ ದಶಕಗಟ್ಟಲೆ ಸೀಮೆಎಣ್ಣೆಯ ಬುಡ್ಡಿಯೇ ಉರಿಯಿತು.

ಅದು ಅರಸರ ಕಾಲ, ಹೊಸ ವಿದ್ಯೆ ಎನ್ನುವಿರಾ? ಆಗಲಿ. ಸ್ವತಂತ್ರ ಭಾರತದ ಕಥೆಯೇನು? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ ವಿದ್ಯುತ್ತಿನಿಂದ ನಮ್ಮ ಕಾರ್ಖಾನೆಗಳು ತಿರುಗಿದವು. ಮಲೆನಾಡಿನ ಗದ್ದೆ ತೋಟಗಳು ನೀರಿನಡಿ ಸೇರಿದವು. ಹಿನ್ನೀರಿನ ಆಚೆ ಉಳಿದ ತುಮರಿಯ ಕಡೆಯವರಿಗೆ ಸಾಗರಕ್ಕೆ ಬರಲು ಲಾಂಚು. ಕತ್ತಲಾದ ಮೇಲೆ ಅದೂ ಇಲ್ಲ. ಹೆರಿಗೆ ನೋವು ಬಂದವಳಿಗೂ ಕಾಡಿನ ಬಳಸುದಾರಿಯೇ ಗತಿ. ಅಲ್ಲಿಗೆ ಸೇತುವೆ ಬಂದದ್ದು 2025ರ ಜುಲೈಯಲ್ಲಿ. 61 ವರ್ಷ! ಅಷ್ಟರೊಳಗೆ ಬೆಂಗಳೂರು ತನಗಾಗಿ ಎಷ್ಟು ಮೇಲ್ಸೇತುವೆ ಕಟ್ಟಿಕೊಂಡಿತೆಂದು ಎಣಿಸುವ ಗೋಜಿಗೆ ನಾನು ಹೋಗುವುದಿಲ್ಲ.

ಇನ್ನು ಪುಕ್ಕಟೆಯ ಮಾತು. 10 ಅಶ್ವಶಕ್ತಿಯವರೆಗಿನ ಪಂಪುಸೆಟ್ಟಿಗೆ ಹಣವಿಲ್ಲ, ನಿಜ. ಅದಕ್ಕೆ ಬೇಕಾದ ತ್ರೀಫೇಸ್ ಕರೆಂಟು ಸಿಗುವುದು ದಿನಕ್ಕೆ ಕೆಲವೇ ಗಂಟೆ. ಎಷ್ಟೋ ಕಡೆ ರಾತ್ರಿಯ ಪಾಳಿಯಲ್ಲಿ. ಹಾವಿಗೆ ಹೆದರುತ್ತ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗುವವನ ನಿದ್ದೆಗೆ ಬಿಲ್ಲು ಬರೆಯುವವರು ಯಾರು? 2023ರಲ್ಲಿ ಗೃಹಜ್ಯೋತಿ ಬಂದಾಗ 200 ಯೂನಿಟ್ಟಿನ ಮಿತಿಯೊಳಗೆ, ಹಿಂದಿನ ಬಳಕೆಯನ್ನು ನೋಡಿ ಮನೆಮನೆಗೆ ಪಾಲು ಗೊತ್ತುಮಾಡಿದರು. ಫ್ರಿಜ್ಜು, ಗೀಸರ್ ಇದ್ದ ಮನೆಗೆ ಹೆಚ್ಚು; ಎರಡು ಬಲ್ಬಿನ ಮನೆಗೆ ಕಡಮೆ. ನಾವು ಅದನ್ನು ಕಣ್ಣಿಗೊತ್ತಿಕೊಂಡು ಪಡೆದೆವು. ನಮಗೆ ಬಂದರೆ ಸೌಲಭ್ಯ, ಅವರಿಗೆ ಹೋದರೆ ದಂಡ. ಇದು ಯಾವ ನ್ಯಾಯ?

2023–24ರ ಕೇಂದ್ರ ಸರ್ಕಾರದ ಸಮೀಕ್ಷೆಯಂತೆ, ದೇಶದಲ್ಲಿ ಹಳ್ಳಿಯ ಒಬ್ಬರ ಸರಾಸರಿ ತಿಂಗಳ ಖರ್ಚು 4,122 ರೂಪಾಯಿ, ಪಟ್ಟಣದವರದು 6,996. ಈ ಅಂತರಕ್ಕೆ ಹಳ್ಳಿಗರ ಸೋಮಾರಿತನ ಕಾರಣವೆನ್ನುವವರು ತಂತಿ ಎತ್ತಣಿಂದ ಎತ್ತ ಹೋಯಿತೆಂದು ಒಮ್ಮೆ ನೋಡಲಿ.

ಹಳ್ಳಿಗೆ ನಮ್ಮ ಕನಿಕರ ಬೇಡ. ಹೊಲಕ್ಕೆ ಹಗಲು ಕರೆಂಟು, ಮುಳುಗಡೆಯ ಊರಿಗೆ ರಸ್ತೆ, ಆಸ್ಪತ್ರೆ: ಇವು ನಾವು ತೀರಿಸಬೇಕಾದ ಬಾಕಿ. ಸಾಲಗಾರನಿಗೆ ದಾನಿಯ ಠೀವಿ ಒಪ್ಪದು.